ಬಸ್ಸಿನ ತುಂಬ ರಸಬಾಳೆ

ನೊಣ, ಒಂದೇ ಒಂದು ನೊಣ, ಪಂಚೆಯ ಗಂಟಿನ ಮೇಲೆ ಕೂತು ಮುಂಗಾಲು ಉಜ್ಜಿಕೊಳ್ಳುತ್ತಿದೆ, ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನನ್ನ ಜೊತೆಗೇ ಹತ್ತಿದ್ದು, ಕೈ ಬೀಸಿದರೆ ಕಿಟಕಿಯ ಸರಳಿನ ತನಕ ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ, ಬರಲಿ, ಕೂರಲಿ, ನೊಣಕ್ಕೆ ಗೊತ್ತಾಗಿದೆ ಅಂದರೆ ಹಣ್ಣು ಹದಕ್ಕೆ ಬಂದಿದೆ — ನಾಲ್ಕು ಚಿಪ್ಪು, ಅಪ್ಪನ ಒಗೆದ ಪಂಚೆಯಲ್ಲಿ ಒಣ ಬಾಳೆಲೆ ಹಾಸಿ ಕಟ್ಟಿದ್ದು, ಹಸುಗೂಸನ್ನು ಹಿಡಿದ ಹಾಗೆ ತೊಡೆಯ ಮೇಲೆ ಎರಡು ಕೈಯಲ್ಲೂ ಹಿಡಿದಿದ್ದೇನೆ, ಬಸ್ಸು ಗುಂಡಿಗೆ ಇಳಿದಾಗೆಲ್ಲ ಗಂಟನ್ನು ಒಂದು ಗೇಣು ಮೇಲೆ ಎತ್ತಿ ಗಾಳಿಯಲ್ಲಿ ನಿಲ್ಲಿಸುತ್ತೇನೆ, ಪಕ್ಕದಲ್ಲಿ ಕೂತ ಹಸಿರು ಟವಲಿನವನು ನೋಡುತ್ತಲೇ ಇದ್ದ, ಗಾಜಿನ ಸಾಮಾನಾ ಸಾ ಅಂತ ಕೇಳಿದ, ಅಲ್ಲಣ್ಣ, ಹಣ್ಣು, ಅಂದೆ, ಹಣ್ಣು ಅನ್ನುವಾಗ ಬಾಯಿ ತಾನಾಗಿ ನಕ್ಕಿತು, ಬೆಳಗಿನಿಂದ ಹೀಗೇ, ಸುಮ್ಮಸುಮ್ಮನೆ ನಗು ಬರುತ್ತಿದೆ, ಇವತ್ತು ಶ್ರಾವಣ ಸೋಮವಾರ, ಮೊದಲ ಬಸ್ಸಿಗೆ ಊರಿಂದ ನಂಜನಗೂಡಿಗೆ ಬಂದು ಕಪಿಲೆಯಲ್ಲಿ ಮೂರು ಮುಳುಗು ಹಾಕಿ ಒದ್ದೆ ಬಟ್ಟೆಯಲ್ಲೇ ಸಾಲಿನಲ್ಲಿ ನಿಂತೆ, ಐದನೆಯ ಚಿಪ್ಪು ನಂಜುಂಡೇಶ್ವರನದು, ತಟ್ಟೆಯಲ್ಲಿಟ್ಟು ಕೊಟ್ಟಾಗ ಅರ್ಚಕರ ಮಂತ್ರ ಅರ್ಧಕ್ಕೆ ನಿಂತಿತು, ಎಲ್ಲಿ ಸಿಕ್ತಪ್ಪ ಇದು, ಈ ಪರಿಮಳ ನೋಡಿ ಎಷ್ಟು ವರ್ಷ ಆಯ್ತು, ಅಂದರು, ಬೆಳೆದೆ ಸ್ವಾಮಿ ಅಂದೆ, ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡು, ಬೆಳೀತು ಸ್ವಾಮಿ, ಅಂದೆ, ಅವರಿಗೆ ಎರಡೂ ಒಂದೇ ಕೇಳಿಸಿರಬೇಕು, ಮಂತ್ರ ಮುಂದುವರಿಸಿದರು, ಆದರೆ ಬೆಳೆದೆ ಅನ್ನುವಲ್ಲಿಂದ ಬೆಳೀತು ಅನ್ನುವಲ್ಲಿಗೆ ಬರುವುದಕ್ಕೆ ನನಗೆ ಏಳು ವರ್ಷ ಹಿಡಿದಿದೆ.

ಇನ್ನೂ ನಾನು ತಿಂದಿಲ್ಲ, ಒಂದನ್ನೂ, ಬೆಳಗ್ಗೆ ನಂದಿತಾ ಕೇಳಿದಳು, ಅಲ್ಲ ಕಣ್ರೀ, ರುಚಿ ನೋಡದೇ ತಗೊಂಡೋಗಿ ಚನ್ನಾಜವ್ವನ ಕೈಗೆ ಕೊಡ್ತೀರಾ, ಸಪ್ಪೆ ಇದ್ರೆ, ಅಂತ, ಮದುವೆಯಾಗಿ ಮೂರು ವರ್ಷದಲ್ಲಿ ಇವಳು ನನ್ನನ್ನು ಹೆಚ್ಚಾಗಿ ನೋಡಿರುವುದು ಬಾಳೆಬುಡದಲ್ಲಿ ಬಗ್ಗಿ ಕೂತದ್ದನ್ನೇ, ಸಪ್ಪೆ ಇದ್ದರೆ ಅವ್ವನೇ ಹೇಳಲಿ ಅಂದೆ, ನಾನು ತಿಂದು ಏನು ಹೇಳಲಿ, ನಿಜವಾದ ರಸಬಾಳೆ ನಾನು ತಿಂದದ್ದು ಆರೇಳು ವರ್ಷದವನಾಗಿದ್ದಾಗ, ನೆನಪಿರುವುದು ರುಚಿಯಲ್ಲ, ಬೆರಳಿಗೆ ಉಳಿದ ವಾಸನೆ, ಅದನ್ನು ಶಾಲೆಯಲ್ಲಿ ಸಂಜೆಯವರೆಗೂ ಮೂಸುತ್ತಿದ್ದೆ, ಆಮೇಲೆ ಸೊರಗು ರೋಗ ಬಂದು ನಮ್ಮ ಸುತ್ತಿನ ತೋಟಗಳು ಒಂದೊಂದೇ ಮಲಗಿದವು, ಜನ ಬೇರೆ ಜಾತಿಯ ಬಾಳೆ ಹಾಕಿಕೊಂಡರು, ಕಬ್ಬು ಹಾಕಿಕೊಂಡರು, ಆ ರುಚಿ ನಾಲಿಗೆಯಲ್ಲಿ ಇನ್ನೂ ಇರುವುದು ನಮ್ಮೂರಿನ ಚನ್ನಾಜವ್ವನ ವಯಸ್ಸಿನವರಿಗೆ ಮಾತ್ರ, ಇದು ಅದೇ ಹೌದೋ ಅಲ್ಲವೋ ಎಂದು ಹೇಳಬಲ್ಲವಳು ಅವಳು, ಈಗ ನರಸೀಪುರದಲ್ಲಿ ಮಗಳು ರುದ್ರಮ್ಮನ ಮನೆಯಲ್ಲಿದ್ದಾಳೆ, ಮುಂದಿನ ವರ್ಷ ಎಂಬತ್ತು ತುಂಬುತ್ತದೆ, ಅದಕ್ಕೇ ಈ ಬಸ್ಸು, ಈ ಗಂಟು, ಈ ಎದೆ ಹೊಡೆದುಕೊಳ್ಳುವುದು, ಡಿಗ್ರಿ ಪರೀಕ್ಷೆಯ ಫಲಿತಾಂಶದ ದಿನವೂ ಇಷ್ಟು ಹೊಡೆದುಕೊಂಡಿರಲಿಲ್ಲ, ಆ ದಿನ ನನಗೆ ಮೊದಲೇ ಗೊತ್ತಿತ್ತಲ್ಲ, ಚಿನ್ನದ ಪದಕ ನನಗೇ ಅಂತ.

ಪದಕ — ಅಪ್ಪ ಅದನ್ನು ದೇವರ ಗೂಡಿನಲ್ಲಿ ಮಲೆ ಮಾದಪ್ಪನ ಫೋಟೋದ ಪಕ್ಕ ಇಟ್ಟು ಅದಕ್ಕೂ ಒಂದು ಹೂ ಏರಿಸುತ್ತಿದ್ದ, ತೊಂಬತ್ತಾರರಲ್ಲಿ ಕೃಷಿ ಕಾಲೇಜು ಮುಗಿಸಿ ಊರಿಗೆ ಬಂದೆ, ಬಿಳಿಗೆರೆ ಹೋಬಳಿಗೇ ಮೊದಲನೆಯವನು ಅಂತ ಯಾರೋ ಅಂದರು, ಅದನ್ನು ನಂಬಿಬಿಟ್ಟೆ, ನಾಲ್ಕು ಜನ ಕೂತಲ್ಲೆಲ್ಲ ಹೇಳಿದೆ, ರಸಬಾಳೆ ಹೋದದ್ದು ರೋಗದಿಂದಲ್ಲ, ನಿಮ್ಮ ಅಜ್ಞಾನದಿಂದ, ನಾನು ತರುತ್ತೇನೆ ನೋಡಿ ವಾಪಸ್ಸು — ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ, ಅಷ್ಟು ಹಿರಿಯರ ಮುಂದೆ, ಕಾಲ ಮೇಲೆ ಕಾಲು ಹಾಕಿಕೊಂಡು — ದೂರದ ಊರಿಂದ ಲಾರಿಯಲ್ಲಿ ಆರುನೂರು ಕಂದು ತರಿಸಿದೆ, ತಾಯಿಬುಡದ ಪಕ್ಕ ಹುಟ್ಟುತ್ತವಲ್ಲ ಆ ಮರಿಗಿಡಗಳು, ಯಾವ ತೋಟದ್ದು ಯಾವ ಮಣ್ಣಿನದು ಅಂತ ಕೇಳಲೂ ಇಲ್ಲ, ನೆಡುವ ಹಿಂದಿನ ದಿನ ಅಪ್ಪ, ದೊಡ್ಡಸಿದ್ದಯ್ಯ ಅಂದರೆ ಊರಿನಲ್ಲಿ ಕಡಿಮೆ ಮಾತಿನ ಮನುಷ್ಯ, ಅವನು ಬಾಯಿಬಿಟ್ಟು, ಚನ್ನಾಜಮ್ಮನ ಇತ್ತಿಲಲ್ಲಿ ಇನ್ನೂ ಅನ್ನೊಂದು ಬುಡ ಅವೆ, ಒಂದ್ ಮಾತು ಕೇಳ್ಕೊಂಡ್ ಬಾರ್ಲಾ, ಅಂದ, ಕೇಳುವುದೇನಪ್ಪ, ಆಕೆಗೆ ಓದು ಬರಹ ಬರುತ್ತಾ, ಅಂದೆ ನಾನು, ಅಪ್ಪ ಆ ದಿನ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಟಿಕೆಟ್ ಟಿಕೆಟ್, ನರಸೀಪುರ ಒಂದು ಕೊಡಿ, ಕಂಡಕ್ಟರು ಟಿಕೆಟ್ ಹರಿಯುತ್ತ ಮೂಗು ಅರಳಿಸಿದ, ಮುಂದೆ ಹೋದ, ನಾಲ್ಕು ಸೀಟು ದಾಟಿ ಹಿಂತಿರುಗಿ ನೋಡಿದ, ನಾಲೆಯ ನೀರು ಬಸ್ಸಿನ ಜೊತೆಗೇ ಓಡುತ್ತಿದೆ, ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಬೆನ್ನುಗಳ ಸಾಲು, ಹಸಿರು, ಹಸಿರು, ನನಗೆ ಮಾತ್ರ ಆ ವರ್ಷದ ಹಳದಿ ನೆನಪಾಗುತ್ತಿದೆ, ತೊಂಬತ್ತೇಳರ ಮಳೆಗಾಲದಲ್ಲಿ ನೆಟ್ಟೆ, ಸಂಕ್ರಾಂತಿಯ ಹೊತ್ತಿಗೆ ಕೆಳಗಿನ ಎಲೆಗಳ ಅಂಚು ಹಳದಿಯಾಯಿತು, ಬರೀ ಪೊಟ್ಯಾಷ್ ಕೊರತೆ ಅಂದೆ, ಹಾಕಿದೆ, ನೀರು ಹೆಚ್ಚಾಯಿತು ಅಂದೆ, ಕಡಿಮೆ ಮಾಡಿದೆ, ಎಲೆಗಳು ದಂಟಿನ ಹತ್ತಿರ ಮುರಿದು ದಿಂಡಿನ ಸುತ್ತ ಜೋತುಬಿದ್ದವು, ಲಂಗ ಉಟ್ಟ ಹಾಗೆ, ಆಗಲೂ ನನಗೆ ಅನುಮಾನ ಬಂದದ್ದು ನನ್ನ ಮೇಲಲ್ಲ, ಹೋಲಿಸಿ ನೋಡೋಣ ಅಂತ ಹೊಲದಿಂದ ನೇರ ಚನ್ನಾಜವ್ವನ ಹಿತ್ತಿಲಿಗೆ ನಡೆದೆ, ಕಾಲಲ್ಲಿ ಬೂಟು, ಹೆಗಲ ಮೇಲೆ ಹಾರೆ, ಹಿತ್ತಿಲ ಬಾಗಿಲಲ್ಲಿ ಒಂದು ಕಲ್ಲು, ಕಲ್ಲಿನ ಪಕ್ಕ ನೀರು ತುಂಬಿದ ಮಡಕೆ, ಅವಳು ಕಸ ಆರಿಸುತ್ತಿದ್ದವಳು ಎದ್ದು ಬಂದಳು, ಹೋಬಳಿಯ ಪದಕದ ಹುಡುಗ ತನ್ನ ಹಿತ್ತಿಲಿಗೆ ಬಂದನೆಂದು ಮುಖ ಅಗಲ ಮಾಡಿಕೊಂಡು, ಬಾರಪ್ಪ, ಬಾ, ಅದನ್ನ ಅಲ್ಲೇ ಬುಟ್ಟು ಕಾಲ್ ತೊಳ್ಕೊಂಡ್ ಬಾ, ಹಾರೇನೂ ಒಂಚೂರು ತೊಳ್ದುಬುಡು, ಅಂದಳು.

ನಾನು ನಕ್ಕೆ — ಇದೇ, ಇದನ್ನೇ ಎಷ್ಟು ಸಲ ನೆನೆದರೂ — ಗುಡಿಯೇನಜ್ಜಿ ಇದು, ಹಾರೆಗೂ ಮಡಿಯಾ, ಅಂತ ನಕ್ಕು, ಬೂಟುಗಾಲಲ್ಲೇ ಒಳಗೆ ಹೋದೆ, ನನ್ನ ಹೊಲದ ಮಣ್ಣು ಹೆಜ್ಜೆಹೆಜ್ಜೆಗೂ ಉದುರುತ್ತಿತ್ತು, ಅವಳ ಹನ್ನೊಂದು ಬುಡ, ಒಂದೊಂದರ ಸುತ್ತ ಬೂದಿಯ ಉಂಗುರ, ಕಪ್ಪಗೆ ಮಿನುಗುವ ದಿಂಡುಗಳು, ಒಂದರ ಪಕ್ಕ ಹಾರೆ ಇಳಿಸಿ ಬೇರು ಕಿತ್ತು ನೋಡಿದೆ, ಬೆಳ್ಳಗಿತ್ತು, ಎರಡನೆಯದರ ಬುಡಕ್ಕೂ ಇಳಿಸಿದೆ, ಇನ್ನಷ್ಟು ಗೊಬ್ಬರ ಹಾಕಿ ಅಂತ ಉಪದೇಶ ಮಾಡಿದೆ, ಅವಳು ತಲೆ ಆಡಿಸುತ್ತಿದ್ದಳು, ಕಣ್ಣು ಮಾತ್ರ ನನ್ನ ಕಾಲ ಕಡೆ, ಹೋಗುವಾಗ ಮಜ್ಜಿಗೆ ಕೊಟ್ಟಳು, ಕುಡಿದು ಲೋಟ ಕೆಳಗಿಟ್ಟು ಬಂದೆ, ಎರಡು ತಿಂಗಳಲ್ಲಿ ನನ್ನ ಆರುನೂರೂ ಮಲಗಿದವು, ಒಂದು ದಿಂಡನ್ನು ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಕೆಂಪು ಚುಕ್ಕಿಗಳ ಬಳೆ, ಅದನ್ನು ಚೀಲಕ್ಕೆ ಹಾಕಿಕೊಂಡು ಕಾಲೇಜಿಗೆ ಹೋದೆ, ನನ್ನ ಹಳೆಯ ಮೇಷ್ಟರು ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡು, ಅಂದರು, ಕುಡುಗೋಲಿನಾಕಾರದ ಬೀಜಕಣಗಳು, ಚಿಕ್ಕವು, ಅಂದವಾದವು, ಇದು ಹೇಗೆ ಹರಡುತ್ತೆ ಹೇಳು ಅಂದರು, ತರಗತಿಯಲ್ಲಿ ಕೇಳಿದ ಹಾಗೆ, ನಾನು ಗಿಳಿಯಂತೆ ಹೇಳಿದೆ, ಸೋಂಕು ತಗುಲಿದ ಕಂದು, ಹರಿಯುವ ನೀರು, ಉಪಕರಣಕ್ಕೆ ಅಂಟಿದ ಮಣ್ಣು, ಪಾದರಕ್ಷೆಗೆ ಅಂಟಿದ ಮಣ್ಣು — ಆ ಕೊನೆಯ ಮಾತು ಬಾಯಿಂದ ಹೊರಗೆ ಬರುತ್ತಿದ್ದಂತೆ ಬಗ್ಗಿ ನನ್ನ ಕಾಲಿನ ಬೂಟು ನೋಡಿಕೊಂಡೆ, ಇದೇ ಪ್ರಶ್ನೆ ಮೂರನೆಯ ವರ್ಷದ ಪರೀಕ್ಷೆಯಲ್ಲಿ ಬಂದಿತ್ತು, ಹತ್ತಕ್ಕೆ ಹತ್ತು ಅಂಕ ಬಂದಿತ್ತು, ಹತ್ತಕ್ಕೆ ಹತ್ತು ತಗೊಂಡವನು ಬೂಟು ಹಾಕಿಕೊಂಡು ಆ ಹಿತ್ತಿಲಿಗೆ ಹೋಗಿದ್ದ, ಪೆನ್ನು ಹಿಡಿಯದವಳು ಕಲ್ಲಿನ ಪಕ್ಕ ಮಡಕೆ ಇಟ್ಟುಕೊಂಡು ನಿಂತಿದ್ದಳು.

ಮಳೆಗಾಲದಲ್ಲಿ ಅವಳ ಹಿತ್ತಿಲಿನ ಒಂದು ಬುಡ ಹಳದಿಯಾಯಿತು ಅಂತ ಅಪ್ಪ ಊಟದ ಹೊತ್ತಿಗೆ ಹೇಳಿದ, ಆಮೇಲೆ ಎರಡು, ಆಮೇಲೆ ನಾಲ್ಕು, ನಾನು ಹದಿನೈದು ದಿನ ಆ ಬೀದಿಗೆ ಹೋಗಲಿಲ್ಲ, ಸುತ್ತಿ ಕೆರೆ ಏರಿಯ ಮೇಲೆ ಓಡಾಡಿದೆ, ಹದಿನಾರನೆಯ ದಿನ ಕಾಲು ತಾನಾಗಿ ಹೋಯಿತು, ಅವಳು ನಾಲ್ಕನೆಯ ಬುಡವನ್ನು ಬೇರುಸಮೇತ ಅಗೆದು ಅಲ್ಲೇ ಗುಂಡಿಯಲ್ಲಿ ಸುಡುತ್ತಿದ್ದಳು, ಹಸಿ ದಿಂಡು, ಹೊಗೆ ಬಹಳ, ಉರಿ ಕಡಿಮೆ, ಬಗ್ಗಿ ಬಗ್ಗಿ ಊದುತ್ತಿದ್ದಳು, ನಾನು ಬಾಗಿಲಲ್ಲಿ ನಿಂತೆ, ಚಪ್ಪಲಿ ಬೀದಿಯಲ್ಲೇ ಬಿಟ್ಟಿದ್ದೆ, ಆದರೂ ಒಳಗೆ ಹೋಗಲು ಧೈರ್ಯ ಸಾಲಲಿಲ್ಲ, ಅವ್ವ, ಅಂದೆ, ಅಜ್ಜಿ ಅಂತ ಬರಲಿಲ್ಲ ಬಾಯಿಗೆ, ಅವ್ವ, ಈ ರೋಗಾನ ನಾನೇ ತಂದೆ, ನನ್ನ ಬೂಟಿನ ಮಣ್ಣಲ್ಲಿ, ನನ್ನ ಹಾರೇಲಿ ತಂದೆ, ಅಂದೆ, ಅವಳು ಊದುವುದನ್ನು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೊಗೆಗೋ ಏನೋ, ಗೊತ್ತು ಕಣಪ್ಪ, ಅಂದಳು, ಅವತ್ತೇ ಗೊತ್ತಾಯ್ತು, ಗೊತ್ತಿದ್ದರೆ ಯಾಕವ್ವ ಹೇಳಲಿಲ್ಲ ನನಗೆ, ಅಂದೆ, ಏಳ್ದೆ, ಅಂದಳು, ನೀನು ನಕ್ಕೆ — ಅಷ್ಟೇ, ಕೋಪವಿಲ್ಲ, ಕುಟುಕಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದಳು, ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ, ಬಿಕ್ಕಿ ಬಿಕ್ಕಿ ಅತ್ತೆ, ಇಪ್ಪತ್ತನಾಲ್ಕು ವರ್ಷದವನು, ಅವಳು ಅಳು ಮುಗಿಯುವ ತನಕ ಬೆಂಕಿ ನೋಡಿಕೊಂಡಳು, ಆಮೇಲೆ, ಇನ್ನೂ ಏಳ್ ಅವಲ್ಲ, ಎದ್ದು ಕಾಲ್ ತೊಳ್ಕೊಂಡು ಒಳೀಕ್ ಬಾ, ಸುಣ್ಣ ಆಕಾನ, ಅಂದಳು.

ಆ ಮಾತು, ಇನ್ನೂ ಏಳ್ ಅವಲ್ಲ, ಅದರಲ್ಲಿದ್ದ ಭರವಸೆ ಎಲ್ಲಿಂದ ಬಂತು ಅವಳಿಗೆ, ನಾನು ಲೆಕ್ಕ ಹಾಕಿ ನೋಡಿದ್ದರೆ ಉಳಿಯುವ ಸಾಧ್ಯತೆ ಸೊನ್ನೆ ಅಂತ ಬರೆದುಕೊಡುತ್ತಿದ್ದೆ, ಅವಳು ಬರೆಯಲಾರಳಾಗಿ ಆ ಏಳು ಉಳಿದವು ಅನ್ನಿಸುತ್ತದೆ ಒಮ್ಮೊಮ್ಮೆ, ಅಲ್ಲ, ಸುಮ್ಮನೆ ಉಳಿಯಲಿಲ್ಲ, ಬೆಳಗಾದರೆ ಅಲ್ಲಿರುತ್ತಿದ್ದೆ, ಐದು ವರ್ಷ, ಮಡಕೆಗೆ ನೀರು ತುಂಬುವುದು ನನ್ನ ಕೆಲಸ, ಕಾಯಿಲೆಯ ಮೂಲೆಯಿಂದ ನೀರು ಈ ಕಡೆ ಹರಿಯದಂತೆ ಬದು ಹಾಕಿದೆ, ಬೇವಿನ ಹಿಂಡಿ ಹೊತ್ತೆ, ಎಲೆ ಎಲೆ ತಿರುಗಿಸಿ ನೋಡಿದೆ, ಬುಡಕ್ಕೆ ಬಲ ಬರಲಿ ಅಂತ ಆ ಐದು ವರ್ಷವೂ ಅವಳು ಮೊಗ್ಗನ್ನೇ ಕತ್ತರಿಸಿದಳು, ಒಂದು ಗೊನೆಯನ್ನೂ ಕಟ್ಟಲು ಬಿಡಲಿಲ್ಲ, ಯಾಕೆ ತೊಳೀಬೇಕು ಅಂತ ನಿನಗೆ ಯಾರವ್ವ ಹೇಳಿದ್ದು ಅಂತ ಕೇಳಿದೆ ಒಂದು ದಿನ, ನಂಗೇನ್ ಗೊತ್ತಪ್ಪ, ನಮ್ಮತ್ತೆ ತೊಳೀತಿದ್ರು, ಬಾಣಂತಿ ಕ್ವಾಣೆಗೆ ಓಗ್ಬೇಕಾದ್ರೆ ಕಾಲ್ ತೊಳ್ಕೊಳ್ಳಲ್ವಾ, ಇವೂ ಮಕ್ಕಳೊಂದಿಗ್ರಲ್ವಾ ಅಂತಿದ್ರು, ಅಂದಳು, ಆಮೇಲೆ ತಡೆದು, ನೀನ್ ಓದಿದ್ದೀಯಲ್ಲ, ನೀನೇಳು ಯಾಕೆ ಅಂತ, ಅಂದಳು, ಅಣಕಕ್ಕಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಅಂತ, ಆ ಮುಖ — ಎಪ್ಪತ್ತೈದರ ಹತ್ತಿರದ ಹೆಂಗಸು ನನ್ನ ಮುಂದೆ ಒಂದನೆಯ ಕ್ಲಾಸಿನ ಹುಡುಗಿಯ ಹಾಗೆ ಕೂತಳು, ಮಣ್ಣಿನೊಳಗೆ ಕಣ್ಣಿಗೆ ಕಾಣದ ಬೂಷ್ಟು ಇರುತ್ತವ್ವ, ಬೇರಿನೊಳಗೆ ಹೋಗಿ ನೀರಿನ ದಾರಿ ಕಟ್ಟುತ್ತೆ, ಅಂತ ಹೇಳಿದೆ, ಮಾರನೆಯ ದಿನ ನನ್ನ ಕಾಲೇಜಿನ ಭೂತಗನ್ನಡಿ ತಂದು ಅವಳ ಕೈಗೆ ಕೊಟ್ಟೆ, ಬಾಳೆಲೆಯ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದಳು, ಬಹಳ ಹೊತ್ತು ಬಗ್ಗಿಯೇ ಇದ್ದಳು, ಅಯ್ಯೋ ಶಿವನೇ, ಇಷ್ಟೊಂದ್ ಗೆರೆ ಅವೆ, ನಾನು ಅರವತ್ ವರ್ಸದಿಂದ ನೋಡ್ತಾವ್ನಿ ಅನ್ಕೊಂಡಿದ್ನಲ್ಲ, ಅಂದಳು, ಅವತ್ತಿಡೀ ಹಿತ್ತಿಲಿನಲ್ಲಿ ಸಿಕ್ಕಿದ್ದನ್ನೆಲ್ಲ ನೋಡಿದಳು, ಇರುವೆ, ಬೂದಿ, ತನ್ನ ಉಗುರು, ಅರವತ್ತು ವರ್ಷ ನೋಡಿದ್ದು ಸಾಲದು ಅನ್ನಿಸಿದಾಗ ಅವಳಿಗೆ ಎಷ್ಟು ಖುಷಿಯಾಯಿತು, ಅಂಥದೇ ಗಳಿಗೆಯಲ್ಲಿ ನನಗೆ ಅವಮಾನವಾಗುತ್ತಿತ್ತಲ್ಲ, ಅವಮಾನಪಡುವಂಥದು ಅದರಲ್ಲಿ ಏನೂ ಇಲ್ಲವೆಂದು ಅವಳ ಬಗ್ಗಿದ ಬೆನ್ನು ನೋಡುತ್ತ ತಿಳಿಯಿತು.

ಊರು ಬಿಡುತ್ತದೆಯೇ, ಕಾಲ್ ತೊಳ್ಯೋ ಮಲ್ಲಣ್ಣ ಅಂತ ಹೆಸರಿಟ್ಟಿತು, ಮಲ್ಲಿಕಾರ್ಜುನ್ ಬಿ.ಎಸ್ಸಿ. ಅಗ್ರಿ ಅಂತ ಬಾಗಿಲಿಗೆ ಬರೆಸಿದ್ದ ಬೋರ್ಡು ಮಳೆಗೆ ಬಣ್ಣ ಕಳೆದುಕೊಂಡಿತು, ನಾನೂ ತಿದ್ದಿಸಲಿಲ್ಲ, ಅಪ್ಪನ ಜೊತೆ ರಾಗಿ ಬೆಳೆದೆ, ತರಕಾರಿ ಬೆಳೆದೆ, ಅವ್ವ, ಒಂದು ಕಂದು ಕೊಡು ಅಂತ ಎರಡನೆಯ ವರ್ಷ ಕೇಳಿದೆ, ಇನ್ನೊಂದ್ ಮಳೆಗಾಲ ನೋಡಾನ, ಅಂದಳು, ಮೂರನೆಯ ವರ್ಷವೂ ಅದೇ ಮಾತು, ನಾಲ್ಕನೆಯ ವರ್ಷ ಕೇಳುವುದನ್ನು ಬಿಟ್ಟೆ, ಹೋದ ವರ್ಷ ಮಳೆಗಾಲದ ಮೊದಲಲ್ಲಿ ಅವಳು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು, ಮೈಸೂರಿನ ಆಸ್ಪತ್ರೆಯಿಂದ ರುದ್ರಮ್ಮ ಅವಳನ್ನು ಸೀದಾ ನರಸೀಪುರಕ್ಕೆ ಕರೆದುಕೊಂಡು ಹೋಗುವುದೆಂದಾಯಿತು, ದಾರಿಯಲ್ಲಿ ಒಂದು ಗಳಿಗೆ ಊರಲ್ಲಿ ಕಾರು ನಿಲ್ಲಿಸಿದರು, ಕಾರಿನಲ್ಲಿ ಮಲಗಿಕೊಂಡೇ ನನ್ನನ್ನು ಕರೆಸಿ, ಮೂರನೇ ಬುಡದಲ್ಲಿ ಎರಡು, ಮೂಲೇದ್ರಲ್ಲಿ ಒಂದು, ಕತ್ತಿ ಅಂಗೆ ಎಲೆ ಸಣ್ಣಗವೆ ನೋಡು, ಅವ್ನ ತಗೋ, ಈಗ ತಗೋ, ಅಂದಳು, ನಾನು ಅಳುಮುಖ ಮಾಡಿದ್ದಕ್ಕೆ, ನಾನೆಲ್ಲೂ ಓಯ್ತಿಲ್ಲ ಕಣ್ಲಾ, ನರಸೀಪುರಕ್ ಓಯ್ತಿದ್ದೀನಿ, ಅಂದಳು, ಕಾರಿನಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು, ನಕ್ಕರೆ ಸೊಂಟ ನೋಯುತ್ತಿತ್ತು, ಆದರೂ.

ಮೂರು ಕಂದು, ಆರುನೂರು ನೆಟ್ಟವನು ಮೂರನ್ನು ನೆಡುವುದಕ್ಕೆ ಮೂರು ದಿನ ತೆಗೆದುಕೊಂಡೆ, ಬಾಳೆ ಎಂದೂ ಕಾಣದ ಮಣ್ಣು ಬೇಕಿತ್ತು, ಅಪ್ಪನ ರಾಗಿ ಕಣದ ಮೂಲೆ ಕೇಳಿದೆ, ಅಪ್ಪ ಕಣ ಬಿಟ್ಟುಕೊಟ್ಟು ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ, ಎಂಟನೆಯ ದಿನ ಬೆಳಗ್ಗೆ ನೋಡಿದರೆ ಕಣದ ಬಾಗಿಲಲ್ಲಿ ಕಲ್ಲು ಹಾಸಿ ಮಡಕೆ ಇಟ್ಟಿದ್ದಾನೆ, ಪಂಚೆ ಎತ್ತಿಕೊಂಡು ಗೊಣಗುತ್ತ ಕಾಲು ತೊಳೆಯುತ್ತಿದ್ದಾನೆ, ಈ ವಯಸ್ಸಲ್ಲಿ ಸೀತ ಆಯ್ತದೆ ಕಣ್ಲಾ, ಅಂತ ನನ್ನನ್ನೇ ಬೈದ, ನಂದಿತಾ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಓಡಿದಳು, ಎಲೆ ಬಂದಾಗೆಲ್ಲ ನನಗೆ ಭಯ, ಅಂಚು ಹಳದಿಯೇ, ಸೂರ್ಯನ ಬೆಳಕಿಗೆ ಹಾಗೆ ಕಾಣುತ್ತದೆಯೇ, ದಿನಕ್ಕೆ ಹತ್ತು ಸಲ ನೋಡಿದೆ, ಒಂದು ದಿನ ಸಾಕಾಗಿ ಅಲ್ಲೇ ಕೂತು ಅಂದುಕೊಂಡೆ, ನನಗೆ ಗೊತ್ತಿರುವುದನ್ನೆಲ್ಲ ಮಾಡಿದ್ದೇನೆ, ಇನ್ನು ಉಳಿದದ್ದು ಇದರ ಕೆಲಸ, ಶಿವನ ಕೆಲಸ, ಅಂತ, ಹಾಗೆ ಅಂದುಕೊಂಡ ಮೇಲೆ ನಿದ್ದೆ ಬರತೊಡಗಿತು, ನಿದ್ದೆ ಬಂದ ಮೇಲೆ ಕಣ್ಣು ಚುರುಕಾಗಿ ಎಲೆ ಸರಿಯಾಗಿ ಕಾಣತೊಡಗಿತು, ಒಂದನ್ನು ಬಿರುಗಾಳಿ ಮುರಿಯಿತು, ಎರಡು ನಿಂತವು, ಯುಗಾದಿ ಕಳೆದು ಒಂದರ ನೆತ್ತಿಯಿಂದ ಕೆಂಪು ಮೊಗ್ಗು ತಲೆ ಹೊರಗೆ ಹಾಕಿತು, ಅಪ್ಪ ನೋಡಿ ಬಂದು ಎರಡು ಮುದ್ದೆ ಹೆಚ್ಚು ಉಂಡ.

ಯಾರ್ರೀ ಅದು ರಸಬಾಳೆ ಇಟ್ಕೊಂಡಿರೋರು — ಕಂಡಕ್ಟರು, ಕೊನೆಗೂ ತಡೆಯಲಾರದೆ, ಬಸ್ಸಿನ ನಡುವೆ ನಿಂತು ಕೇಳುತ್ತಿದ್ದಾನೆ, ಎಲ್ಲರ ತಲೆಗಳೂ ತಿರುಗಿದವು, ಹಸಿರು ಟವಲಿನವನು ನನ್ನ ಕಡೆ ಬೆರಳು ತೋರಿಸಿದ, ಕೊಡೋಕಲ್ಲಪ್ಪ, ಒಬ್ಬರಿಗೆ ಅಂತ ಒಯ್ತಾ ಇದ್ದೀನಿ, ಅಂದೆ, ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ, ಮುಂದಿನ ಸೀಟಿನ ಮುದುಕಿ, ಮೂಗುಬೊಟ್ಟು, ಕೈಯಲ್ಲಿ ಔಷಧಿ ಚೀಟಿ, ಹಿಂತಿರುಗಿ ಕೂತು, ತಿನ್ನಾಕಲ್ಲ ಕಣಪ್ಪಾ, ಒಂದ್ ದಪ ಮೂಸ್ಲಾ, ಮದ್ವೆ ಆದ್ ವರ್ಸ ನಮ್ ಯಜಮಾನ್ರು ತಂದ್ಕೊಟ್ಟಿದ್ರು, ಅಂದಳು, ಇಲ್ಲ ಅನ್ನುವುದು ಹೇಗೆ, ಗಂಟು ಬಿಚ್ಚಿ ಒಂದು ಚಿಪ್ಪು ಅವಳ ಕೈಗಿಟ್ಟೆ, ಅವಳು ಎರಡು ಕೈಯಲ್ಲಿ ಮುಖಕ್ಕೆ ಹಿಡಿದು ಕಣ್ಣು ಮುಚ್ಚಿಕೊಂಡಳು, ಪಕ್ಕದವಳು, ಇತ್ಲಾಗ್ ಕೊಡಕ್ಕ ನಂಗೂ, ಅಂದಳು, ಅವಳಿಂದ ಹಿಂದಿನವರಿಗೆ, ಹಿಂದಿನವರಿಂದ ಅಡ್ಡಕ್ಕೆ, ನಿಂತಿದ್ದವರ ತಲೆಗಳ ಮೇಲಿಂದ, ನನ್ನ ಚಿಪ್ಪು ನನ್ನ ಕಣ್ಣೆದುರಿಗೆ ಹೊರಟುಹೋಯಿತು, ಎದ್ದು ನಿಂತು ಬೇಡ ಅನ್ನಬೇಕು ಅಂದುಕೊಂಡೆ, ಕೂತೆ, ಹೋಗಲಿ, ಹೋದರೆ ಹೋಗಲಿ, ಕಡೆಯ ಸೀಟಿನ ತನಕ ಹೋಯಿತು, ಕಾಲೇಜು ಹುಡುಗಿಯರು ಮೂಸಿದರು, ಟೋಪಿ ಹಾಕಿದ ಮುದುಕರೊಬ್ಬರು ಮೂಸಿ ಪಕ್ಕದವರ ಹತ್ತಿರ ತಮ್ಮ ತೋಟದ ಕತೆ ಶುರುಮಾಡಿದರು, ಕಂಡಕ್ಟರು ಮೂಸಿ ತೆಗೆದುಕೊಂಡು ಹೋಗಿ ಡ್ರೈವರಿನ ಮೂಗಿನ ಹತ್ತಿರ ಹಿಡಿದ, ರಸ್ತೆ ನೋಡ್ಕೊಂಡು ಮೂಸಿ ಸಾ ಅಂತ ಯಾರೋ ಕೂಗಿದರು, ಇಡೀ ಬಸ್ಸು ನಕ್ಕಿತು, ಆಮೇಲೆ ಅದೇ ದಾರಿಯಲ್ಲಿ ಕೈಯಿಂದ ಕೈಗೆ ವಾಪಸ್ಸು ಬಂತು, ಎಣಿಸಬಾರದಿತ್ತು, ಎಣಿಸಿದೆ, ಹದಿನಾಲ್ಕು, ಹದಿನಾಲ್ಕಕ್ಕೆ ಹದಿನಾಲ್ಕೂ ಇವೆ, ಒಂದಕ್ಕೂ ಉಗುರು ತಾಗಿಲ್ಲ, ಎಣಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯ ಮೇಲೇ ನಗು ಬಂತು, ಮುದುಕಿಗೆ ಒಂದು ಕಿತ್ತು ಕೊಡಹೋದೆ, ಬ್ಯಾಡ ಕಣಪ್ಪ, ಯಾರ್ಗೋ ಅಂತ ತಗೊಂಡೋಯ್ತಿದ್ದೀಯ, ಅವ್ರಿಗೇ ಸೇರ್ಲಿ, ಅಂದಳು, ಸೇತುವೆ ಬಂತು, ಹೊಳೆ ತುಂಬಿ ಕೆಂಪಗೆ ಹರಿಯುತ್ತಿದೆ, ನಮ್ಮ ಕಪಿಲೆ ಇಲ್ಲಿ ಬಂದು ಕಾವೇರಿಗೆ ಸೇರಿ ತನ್ನ ಹೆಸರು ಬಿಡುತ್ತಾಳೆ, ಬಸ್ಸಿನಲ್ಲಿದ್ದವರು ಕೈ ಮುಗಿದರು, ನನ್ನ ಕೈ ಖಾಲಿ ಇರಲಿಲ್ಲ, ತಲೆ ಬಗ್ಗಿಸಿದೆ.

ರುದ್ರಮ್ಮನ ಮನೆ ಹೊಳೆಯ ದಾರಿಯಲ್ಲಿ, ನೀಲಿ ಬಾಗಿಲು, ಚನ್ನಾಜವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಾಳೆ, ಪಕ್ಕದಲ್ಲಿ ಊರುಗೋಲು, ಇಳಿದುಹೋಗಿದ್ದಾಳೆ, ಮುಖ ಮಾತ್ರ ಅದೇ, ನಾನು ಬಾಯಿ ತೆರೆಯುವ ಮೊದಲೇ ಮೂಗು ಅರಳಿ ಕತ್ತು ನನ್ನ ಕಡೆ ತಿರುಗಿತು, ಬಂದ್ಯಾ, ಅಂದಳು, ನಾನು ಜಗಲಿಯ ಕೆಳಗೆ ಕೂತು ಗಂಟು ಬಿಚ್ಚಿದೆ, ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳು, ಎಷ್ಟು ತಿಂಗಳಿಗೆ ಗೊನೆ ಬಿಟ್ಟಿತು, ಅಪ್ಪ ಏನು ಮಾಡಿದ, ಅವಕ್ಕೆ ಕಾಯದೆ ಅವಳು ತಾನೇ ಬಗ್ಗಿ ಒಂದು ಹಣ್ಣು ಕಿತ್ತಳು, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಅಮುಕಿದಳು, ಸಿಪ್ಪೆ ಸುಲಿದಳು, ತೆಳ್ಳಗೆ ಬಂತು, ಮುರಿದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು, ಹಲ್ಲಿಲ್ಲ, ಒಸಡಿನಲ್ಲೇ ನಿಧಾನಕ್ಕೆ, ಕೆನ್ನೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ರುದ್ರಮ್ಮ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಳು, ಹೇಗಿದೆ ಅವ್ವ ಅಂತ ಕೇಳಬೇಕು, ಕೇಳಬಾರದು, ಸಪ್ಪೆಯೇ, ಗಂಟು ಕಟ್ಟಿದೆಯೇ ಒಳಗೆ, ಎರಡು ದಿನ ಹೆಚ್ಚು ಹುಲ್ಲಿನಲ್ಲಿಟ್ಟೆನೇ, ಸರಿಯಿಲ್ಲ ಅಂದರೂ ಸರಿ, ಇನ್ನೊಂದು ಮಳೆಗಾಲ ನೋಡುತ್ತೇನೆ, ನೋಡಬಲ್ಲೆ, ಅದಕ್ಕೇನೂ ಭಯವಿಲ್ಲ ನನಗೆ ಈಗ, ಗಂಟಲು ಅಲುಗಿತು, ನುಂಗಿದಳು, ಉಳಿದರ್ಧವನ್ನೂ ತಿಂದಳು, ಸಿಪ್ಪೆ ಮಡಿಲಲ್ಲಿ ಬಿತ್ತು, ಕಣ್ಣು ಇನ್ನೂ ಮುಚ್ಚಿಯೇ ಇದೆ, ಹೊಳೆಯ ಸದ್ದು ಕೇಳುತ್ತಿದೆ, ಆಮೇಲೆ ಅವಳ ಬಲಗೈ ಮಡಿಲಿನಿಂದ ಎದ್ದು ಮುಂದೆ ಬಂತು, ನನ್ನ ಕಡೆಗೆ, ಅಂಗೈ ಮೇಲಾಗಿ, ಬೆರಳು ಸ್ವಲ್ಪ ಮಡಚಿ, ಏನು ಎಂದು ತಿಳಿಯಲಿಲ್ಲ ಒಂದು ಗಳಿಗೆ, ಆಮೇಲೆ ತಿಳಿಯಿತು, ಇನ್ನೊಂದು, ಇನ್ನೊಂದು ಕೊಡು ಅನ್ನುತ್ತಿದೆ ಆ ಅಂಗೈ, ಯಾರ ಹತ್ತಿರವೂ ಏನನ್ನೂ ಕೇಳಿದ್ದು ನಾನು ಕಾಣದವಳ ಅಂಗೈ, ಕೊಡಬೇಕು, ನನ್ನ ಕೈ ಚಿಪ್ಪಿನ ಕಡೆ ಹೋಗುತ್ತಿದೆ, ಕಣ್ಣು ಮಾತ್ರ ಅಲ್ಲಿಂದ ಏಳುತ್ತಿಲ್ಲ, ಬಾಳೆಯ ಕರೆ ಹತ್ತಿ ಗೆರೆಗಳೆಲ್ಲ ಕಪ್ಪಾದ ಅಂಗೈ, ಶ್ರಾವಣದ ಬಿಸಿಲು ಬಿದ್ದ ಅಂಗೈ, ಚಾಚಿದ್ದು, ಖಾಲಿ, ಆ ಅಂಗೈ —